ಸೇಂಟ್ ಕಿಲ್ಡಾ 2026: ಹತ್ತರೊಳಗೆ ಬಂದರೆ ಸಾಕಾ, ಕಪ್ ಅಂತಲೇ ಹೊರಡಬೇಕಾ?

ಮೂರಬಿನ್ ಪಕ್ಕದ ಬೀದಿ
ಎಲ್ಲರಿಗೂ ನಮಸ್ಕಾರ. ನಮ್ಮ ಎಎಫ್‌ಎಲ್, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಸೀಸನ್‌ಗೆ ಇನ್ನು ಕೆಲವೇ ವಾರ ಬಾಕಿ. ಮಾರ್ಚ್‌ನಲ್ಲಿ ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಜೊತೆ ಮೊದಲ ಪಂದ್ಯ. ಈ ವರ್ಷ ನಮ್ಮ ಏಕೈಕ ಕಪ್‌ಗೆ 60 ತುಂಬುತ್ತದೆ. 1966ರಲ್ಲಿ ಗೆದ್ದಿದ್ದು, ಅದೂ ಇದೇ ಕಾಲಿಂಗ್‌ವುಡ್ ಮೇಲೆ, ಒಂದೇ ಒಂದು ಪಾಯಿಂಟ್‌ನಿಂದ. 74–73.

ಈ ಬೇಸಿಗೆಯಲ್ಲಿ ಕ್ಲಬ್ ಹಣ ಸುರಿದಿದೆ. ಕಾರ್ಲ್ಟನ್‌ನಿಂದ ಟಾಮ್ ಡಿ ಕೋನಿಂಗ್ ಮತ್ತು ಜ್ಯಾಕ್ ಸಿಲ್ವಾನಿ, ಗೋಲ್ಡ್ ಕೋಸ್ಟ್‌ನಿಂದ ಸ್ಯಾಮ್ ಫ್ಲಾಂಡರ್ಸ್, ವೆಸ್ಟ್ ಕೋಸ್ಟ್‌ನಿಂದ ಲಿಯಾಮ್ ರಯನ್ ಬಂದರು. ನಾಯಕನಾಗಿದ್ದ ಜ್ಯಾಕ್ ಸ್ಟೀಲ್ ಮೆಲ್ಬರ್ನ್ ತಂಡಕ್ಕೆ ಹೋದರು. ಎಲ್ಲಕ್ಕಿಂತ ದೊಡ್ಡ ವಿಷಯ ಅಂದರೆ ನಸಾಯಾ ವಾಂಗನೀನ್-ಮಿಲೆರಾ ನಮ್ಮಲ್ಲೇ ಉಳಿದರು. ಊರಾದ ಅಡಿಲೇಡ್‌ಗೆ ವಾಪಸ್ ಹೋಗಿಬಿಡುತ್ತಾರೆ ಅಂತ ಕಳೆದ ಸೀಸನ್ ಪೂರ್ತಿ ಹೊಟ್ಟೆಯಲ್ಲಿ ಭಯ ಇತ್ತಲ್ಲ, ಅದು ಸದ್ಯಕ್ಕೆ ಹೋಯಿತು.

ಈಗ ಹೇಳಿ. 2026ರಲ್ಲಿ ನಾವು ಎಲ್ಲಿ ನಿಲ್ಲುತ್ತೇವೆ? ನನ್ನ ಲೆಕ್ಕ ಏಳನೇ ಸ್ಥಾನ.

ಕೆಂಪು ಬಿಳಿ ಕಪ್ಪು
ಏಳು ಜಾಸ್ತಿ ಆಯ್ತು ಸರ್. ಒಂಬತ್ತು ಅಥವಾ ಹತ್ತು.

2025ರಲ್ಲಿ ನಾವು 23 ಪಂದ್ಯಗಳಲ್ಲಿ ಗೆದ್ದಿದ್ದು 9, ಮುಗಿಸಿದ್ದು 12ನೇ ಸ್ಥಾನದಲ್ಲಿ. ಹತ್ತನೇ ಸ್ಥಾನದಲ್ಲಿದ್ದ ಸಿಡ್ನಿ 12 ಗೆದ್ದಿತ್ತು. ಎಂಟನೇ ಸ್ಥಾನದ ಹಾಥಾರ್ನ್ 15! ಅಂದರೆ ಹತ್ತರೊಳಗೆ ಬರಲು ಇನ್ನೂ ಮೂರು ಗೆಲುವು ಬೇಕು, ಎಂಟರೊಳಗೆ ಬರಲು ಆರು. ಒಂದೇ ವರ್ಷದಲ್ಲಿ ಆರು ಗೆಲುವು ಹೆಚ್ಚಾಗಬೇಕಾದರೆ ಬರೀ ಹೊಸ ಆಟಗಾರರು ಬಂದರೆ ಸಾಲದು. ಅವರು ಒಬ್ಬರಿಗೊಬ್ಬರು ಹೊಂದಿಕೊಳ್ಳಬೇಕು, ಗಾಯ ಆಗಬಾರದು, ಮೊದಲ ಐದಾರು ವಾರ ಸೋಲಿನಲ್ಲಿ ಹೋಗಬಾರದು.

ಹೊಸಬ ಹುಬ್ಬಳ್ಳಿ
ಎಲ್ಲರಿಗೂ ನಮಸ್ಕಾರ ರೀ. ನಾನು ಮೆಲ್ಬರ್ನ್‌ಗೆ ಬಂದು ಎಂಟು ತಿಂಗಳಾಯಿತು. ಆಫೀಸಿನಲ್ಲಿ ಎಲ್ಲರೂ ಇದನ್ನೇ ಮಾತಾಡುತ್ತಾರೆ, ಹಾಗಾಗಿ ನಾನೂ ಒಂದು ತಂಡ ಹಿಡಿಯಬೇಕಾಯಿತು. ಮನೆಗೆ ಹತ್ತಿರ ಅಂತ ಸೇಂಟ್ ಕಿಲ್ಡಾ ಹಿಡಿದೆ. ಎರಡು ಪ್ರಶ್ನೆ. ಒಂದು ಪಾಯಿಂಟ್‌ನಿಂದ ಗೆಲ್ಲುವುದು ಅಂದರೆ ಹೇಗೆ, ಗೋಲಿಗೆ ಆರು ಅಲ್ವಾ? ಮತ್ತೆ ಹತ್ತರೊಳಗೆ ಅಂತ ಯಾಕೆ ಹೇಳುತ್ತಿದ್ದೀರಿ? ಫೈನಲ್ಸ್ ಅಂದರೆ ಐಪಿಎಲ್‌ನ ಪ್ಲೇಆಫ್ ಥರ, ಅದಕ್ಕೆ ಎಂಟು ತಂಡ ಅಂತ ಕೇಳಿದ್ದೆ.

ಕ್ಲೇಟನ್ ಅಕ್ಕ
ಬನ್ನಿ, ಒಳ್ಳೇ ತಂಡವನ್ನೇ ಹಿಡಿದಿದ್ದೀರಿ.

ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ ಇರುತ್ತವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, ಆರು ಪಾಯಿಂಟ್. ಸ್ವಲ್ಪ ತಪ್ಪಿ ಪಕ್ಕದ ಚಿಕ್ಕ ಕಂಬದ ಕಡೆ ಹೋದರೆ ಅದಕ್ಕೆ ಬಿಹೈಂಡ್ ಅನ್ನುತ್ತಾರೆ, ಒಂದು ಪಾಯಿಂಟ್. 1966ರಲ್ಲಿ ಸ್ಕೋರು ಸಮ ಇದ್ದಾಗ ಕೊನೆಯ ಹೊತ್ತಿನಲ್ಲಿ ಬ್ಯಾರಿ ಬ್ರೀನ್ ಒದ್ದಿದ್ದು ಅಂಥ ಒಂದು ಬಿಹೈಂಡ್. ನಮ್ಮ ಕ್ಲಬ್ ಹುಟ್ಟಿದ್ದು 1873ರಲ್ಲಿ. ಇಷ್ಟೂ ವರ್ಷದ ಒಂದೇ ಕಪ್ ಆ ಒಂದು ಪಾಯಿಂಟ್ ಮೇಲೆ ನಿಂತಿದೆ.

ಎರಡನೆಯದು. ಎಂಟು ಅಂತ ಕೇಳಿದ್ದು ಸರಿಯೇ, ಆದರೆ ಈ ವರ್ಷದಿಂದ ನಿಯಮ ಬದಲಾಗಿದೆ. ವೈಲ್ಡ್‌ಕಾರ್ಡ್ ಸುತ್ತು ಅಂತ ಹೊಸದು ಬಂದಿದೆ. ಏಳನೇ ತಂಡ ಹತ್ತರ ಜೊತೆ, ಎಂಟನೆಯದು ಒಂಬತ್ತರ ಜೊತೆ ಆಡಬೇಕು. ಗೆದ್ದ ಇಬ್ಬರು ಮುಂದಕ್ಕೆ, ಸೋತ ಇಬ್ಬರು ಮನೆಗೆ.

ಹತ್ತೊಂಬತ್ತನೇ ಆಟಗಾರ
ಆ ವೈಲ್ಡ್‌ಕಾರ್ಡ್ ಸುತ್ತನ್ನು ನಾನು ಫೈನಲ್ಸ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹದಿನೆಂಟು ತಂಡದಲ್ಲಿ ಹತ್ತಕ್ಕೆ ಬಾಗಿಲು ತೆರೆದಿಟ್ಟರೆ ಅದರಲ್ಲಿ ಏನು ಹೆಚ್ಚುಗಾರಿಕೆ? ಇಷ್ಟು ಖರ್ಚು ಮಾಡಿ ಹತ್ತನೇ ಸ್ಥಾನಕ್ಕೆ ಬಂದು, ಒಂದು ಪಂದ್ಯ ಆಡಿ ಸೋತು, "ಫೈನಲ್ಸ್ ಆಡಿದೆವು" ಅಂತ ಕ್ಲಬ್ ಹೇಳಿಕೊಂಡರೆ ನನಗೆ ನಿಜವಾಗಿ ಬೇಸರ ಆಗುತ್ತದೆ. 2023ರಲ್ಲಿ ಇಷ್ಟೆಲ್ಲ ಖರ್ಚು ಮಾಡದೆಯೇ ಆರನೇ ಸ್ಥಾನಕ್ಕೆ ಬಂದಿದ್ದೆವು. ಆಮೇಲೆ ಎರಡು ವರ್ಷವೂ 12ನೇ ಸ್ಥಾನ. ಈಗ ಆರರೊಳಗೆ ಬರಲಿಲ್ಲ ಅಂದರೆ ಈ ಖರೀದಿ ಎಲ್ಲ ಯಾಕೆ?

ಮೂರಬಿನ್ ಪಕ್ಕದ ಬೀದಿ
2016ರ ಬುಲ್‌ಡಾಗ್ಸ್ ಮರೆತಿರಾ? ಏಳನೇ ಸ್ಥಾನದಿಂದ ಬಂದು ಕಪ್ ಎತ್ತಿದರು. 1954ರ ನಂತರ ಅವರಿಗೆ ಅದು ಮೊದಲನೆಯದು. ಒಳಗೆ ಕಾಲಿಡುವುದು ಮುಖ್ಯ ಸರ್.

ಹತ್ತೊಂಬತ್ತನೇ ಆಟಗಾರ
ಅವರು ನಾಲ್ಕು ವಾರ ಸತತ ಗೆದ್ದರು. ಈಗ ಏಳನೇ ಸ್ಥಾನದಿಂದ ಬಂದರೆ ಐದು ವಾರ ಸತತ ಗೆಲ್ಲಬೇಕು. ಇದು ಪೂರ್ತಿ ಮೈ ಮೇಲೆ ಬೀಳುವ ಆಟ. ಸೆಪ್ಟೆಂಬರ್ ಹೊತ್ತಿಗೆ ಭುಜ, ಮೊಣಕಾಲು ಯಾರದ್ದೂ ಸರಿ ಇರುವುದಿಲ್ಲ. ಆರರೊಳಗೆ ಬಂದವರಿಗೆ ಸಿಗುವ ಆ ಒಂದು ವಾರದ ವಿಶ್ರಾಂತಿಯ ಬೆಲೆ ಬಹಳ.

ಡಾಕ್‌ಲ್ಯಾಂಡ್ಸ್ ಮೂರನೇ ಮಹಡಿ
ನೀವಿಬ್ಬರೂ ಪಟ್ಟಿಯ ಲೆಕ್ಕದಲ್ಲೇ ಇದ್ದೀರಿ. ನಾನು ಮಿಡ್‌ಫೀಲ್ಡ್ ಬಗ್ಗೆ ಮಾತಾಡುತ್ತೇನೆ, ನಮ್ಮ ರೋಗ ಇರುವುದು ಅಲ್ಲಿ.

ಮೂರು ವರ್ಷದಿಂದ ನಮ್ಮ ಡಿಫೆನ್ಸ್ ಚೆನ್ನಾಗಿಯೇ ಇದೆ. ಕ್ಯಾಲಮ್ ವಿಲ್ಕಿ ಒಬ್ಬರೇ ಸಾಕು. ಅಕೌಂಟೆಂಟ್ ಕೆಲಸ ಮಾಡುತ್ತಿದ್ದ ಮನುಷ್ಯ, ರೂಕಿ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸಬರನ್ನು ಆರಿಸುವುದು) ಬಂದು 2023ರಲ್ಲಿ ಆಲ್ ಆಸ್ಟ್ರೇಲಿಯನ್, ಅಂದರೆ ವರ್ಷದ ಶ್ರೇಷ್ಠ ಆಟಗಾರರ ತಂಡದಲ್ಲಿ ಒಬ್ಬರು ಆದರು. ಪಂದ್ಯ ತಪ್ಪಿಸಿಕೊಳ್ಳುವುದೇ ಅಪರೂಪ. ಜ್ಯಾಕ್ ಸಿಂಕ್ಲೇರ್ ಇದ್ದಾರೆ. ಆದರೆ ನಡುವೆ ಚೆಂಡು ಮೇಲೆ ಹೋದಾಗ ಕೆಳಗೆ ಬಿದ್ದದ್ದನ್ನು ಹೆಕ್ಕುವವರು ಯಾರು? ಸ್ಟೀಲ್ ಆ ಕೆಲಸವನ್ನು ವರ್ಷಗಟ್ಟಲೆ ಒಬ್ಬರೇ ಹೊತ್ತರು. 2020, 2021 ಎರಡೂ ವರ್ಷ ಆಲ್ ಆಸ್ಟ್ರೇಲಿಯನ್. ಅವರನ್ನು ಅಷ್ಟು ಸುಲಭವಾಗಿ ಕಳಿಸಿದ್ದು ನನಗೆ ಇನ್ನೂ ಸರಿ ಕಾಣುತ್ತಿಲ್ಲ.

ಆ ಜಾಗಕ್ಕೆ ಈಗ ಫ್ಲಾಂಡರ್ಸ್ ಮತ್ತು ನಸಾಯಾ. ನಸಾಯಾರನ್ನು ಹಿಂದೆ ಹಾಫ್‌ಬ್ಯಾಕ್‌ನಲ್ಲಿ ಇಡಬಾರದು. ನಡುವೆಯೇ ಆಡಿಸಬೇಕು. ಜುಲೈನಲ್ಲಿ ಆದದ್ದನ್ನು ಎಲ್ಲರೂ ನೋಡಿದ್ದೀರಿ.

ಹೊಸಬ ಹುಬ್ಬಳ್ಳಿ
ಜುಲೈನಲ್ಲಿ ಏನಾಯಿತು? ನಾನು ಆಗಷ್ಟೇ ಬಂದಿದ್ದೆ, ಮನೆ ಹುಡುಕುವುದರಲ್ಲೇ ಇದ್ದೆ.

ಆಸ್‌ಕಿಕ್ ಅಪ್ಪ
ಇದನ್ನು ನಾನು ಹೇಳುತ್ತೇನೆ. ನಾನು ಅಲ್ಲಿದ್ದೆ. ಸರಿಯಾಗಿ ಹೇಳಬೇಕೆಂದರೆ, ಮುಕ್ಕಾಲು ಭಾಗ ಅಲ್ಲಿದ್ದೆ.

2025 ಜುಲೈ 27, ಭಾನುವಾರ, ಮಾರ್ವೆಲ್ ಸ್ಟೇಡಿಯಂ, ಎದುರಾಳಿ ಮೆಲ್ಬರ್ನ್. ಮಗನಿಗೆ ಎಂಟು ವರ್ಷ. ಬೆನ್ನ ಮೇಲೆ 7ನೇ ನಂಬರ್ ಇರುವ ಅಂಗಿ, ಅದು ನಸಾಯಾ ನಂಬರ್. ಡಬ್ಬಿಯಲ್ಲಿ ಅವರಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಎರಡನೇ ಕ್ವಾರ್ಟರ್‌ಗೇ ಖಾಲಿ. ಮೂರನೇ ಕ್ವಾರ್ಟರ್ ಮುಗಿದಾಗ ನಾವು 46 ಪಾಯಿಂಟ್ ಹಿಂದೆ. ಮಗ ತಲೆ ಬಗ್ಗಿಸಿ ಕೂತಿದ್ದ. ನಾಳೆ ಶಾಲೆ ಇದೆ, ಟ್ರೈನ್ ರಶ್ ಆಗುವ ಮೊದಲು ಹೊರಡೋಣ ಅಂತ ಎಬ್ಬಿಸಿದೆ. ಅವನು ಬರಲ್ಲ ಅಂದ. ನಾನು ಕೈ ಹಿಡಿದು ಎಳೆದುಕೊಂಡೇ ಹೊರಟೆ.

ಸದರ್ನ್ ಕ್ರಾಸ್ ಸ್ಟೇಷನ್ ಕಡೆ ಹೋಗುವ ಸೇತುವೆ ಮೇಲೆ ಇದ್ದೆವು. ಹಿಂದಿನಿಂದ ಒಂದು ಸದ್ದು ಬಂತು. ಗೋಲ್ ಆಯಿತು ಅನ್ನುವಷ್ಟೇ. ಸ್ವಲ್ಪ ಹೊತ್ತಿಗೆ ಮತ್ತೊಂದು. ಮಗ ನಿಂತುಬಿಟ್ಟ. "ಅಪ್ಪಾ, ಅದು ನಮ್ಮ ಸದ್ದು" ಅಂದ. ವಾಪಸ್ ಹೋದರೆ ಒಳಗೆ ಬಿಡುತ್ತಾರೋ ಇಲ್ಲವೋ ಅನ್ನುವ ಅನುಮಾನದಲ್ಲಿ ನಾನು ಮುಂದಕ್ಕೇ ನಡೆದೆ. ಟ್ರೈನ್‌ನಲ್ಲಿ ಒಂದು ಇಯರ್‌ಫೋನ್ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. 46 ಇದ್ದದ್ದು ಕರಗುತ್ತಾ ಕರಗುತ್ತಾ ಬಂತು. ಕೊನೆಗೆ ನಸಾಯಾ ಗೋಲ್ ಹೊಡೆದು ಸ್ಕೋರು ಸಮ ಮಾಡಿದರು. ಮತ್ತೆ ನಡುವೆ ಚೆಂಡು ಹಾಕುವ ಹೊತ್ತಿಗೆ ಮೆಲ್ಬರ್ನ್‌ನವರು ತಪ್ಪಾಗಿ ನಿಂತರು. ಮೈದಾನದ ಮೂರು ಭಾಗದಲ್ಲಿ ಆರು, ಆರು, ಆರು ಜನ ಇರಬೇಕು ಅನ್ನುವ ನಿಯಮ ಮುರಿಯಿತು. ಫ್ರೀ ಕಿಕ್ ರೋವನ್ ಮಾರ್ಷಲ್‌ಗೆ. ಅವರು ಉದ್ದಕ್ಕೆ ಒದ್ದರು, ನಸಾಯಾ ಹಾರಿ ಹಿಡಿದರು. ಗಡಿಯಾರದಲ್ಲಿ ಉಳಿದಿದ್ದು ಕೆಲವೇ ಸೆಕೆಂಡ್. ಸೈರನ್ ಆದ ಮೇಲೆ ಒದ್ದು ಗೋಲ್. ಆರು ಪಾಯಿಂಟ್‌ನಿಂದ ಗೆದ್ದೆವು. ಮೂರನೇ ಕ್ವಾರ್ಟರ್ ಕೊನೆಯಲ್ಲಿ ಅಷ್ಟು ಹಿಂದೆ ಬಿದ್ದು ಗೆದ್ದವರು ಈ ಲೀಗ್‌ನ ಇತಿಹಾಸದಲ್ಲೇ ಬೇರೆ ಯಾರೂ ಇಲ್ಲ.

ಮಗ ಕುಣಿಯಲಿಲ್ಲ. ನನ್ನ ಕಡೆ ತಿರುಗಿ ಸುಮ್ನೆ ನೋಡಿದ. ಆ ನೋಟ ಇವತ್ತಿಗೂ ನನಗೆ ಚುಚ್ಚುತ್ತದೆ.

ಕ್ಲೇಟನ್ ಅಕ್ಕ
ಅಯ್ಯೋ ಪಾಪ. ಮಗೂನ ಈ ಸಲ ಒಂದೂ ಪಂದ್ಯ ತಪ್ಪಿಸದೆ ಕರೆದುಕೊಂಡು ಹೋಗಿ.

ಡಾಕ್‌ಲ್ಯಾಂಡ್ಸ್ ಮೂರನೇ ಮಹಡಿ
ನಾನು ಕೊನೆತನಕ ಇದ್ದೆ. ಗಂಟಲು ನಾಲ್ಕು ದಿನ ಸರಿ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗುರುತು ಪರಿಚಯ ಇಲ್ಲದ ಹೆಂಗಸು ನನ್ನ ಭುಜ ಹಿಡಿದು ಅಳುತ್ತಿದ್ದರು. ನಾನೂ ಅಳುತ್ತಿದ್ದೆ.

ಇದನ್ನೇ ನಾನು ಹೇಳುತ್ತಿರುವುದು. ಆ ಕೊನೇ ಕ್ವಾರ್ಟರ್‌ನಲ್ಲಿ ಚೆಂಡು ಎಲ್ಲಿತ್ತೋ ನಸಾಯಾ ಅಲ್ಲಿದ್ದರು. ಅಂಥವರನ್ನು ಗೋಲಿನಿಂದ ನೂರು ಮೀಟರ್ ಹಿಂದೆ ನಿಲ್ಲಿಸುವುದು ಯಾಕೆ?

ಕೆಂಪು ಬಿಳಿ ಕಪ್ಪು
ಒಪ್ಪುತ್ತೇನೆ, ಆದರೆ ಅರ್ಧ. ಹಿಂದಿನಿಂದ ಅವರು ಹೊರಗೆ ಒದೆಯುವ ಚೆಂಡೇ ನಮ್ಮ ಅರ್ಧ ದಾಳಿ. ಎಡಗಾಲು ಬಲಗಾಲು ಅಂತಿಲ್ಲದೆ ಐವತ್ತು ಮೀಟರ್ ದೂರದವರ ಎದೆಗೆ ನೆಟ್ಟಗೆ ಹಾಕುತ್ತಾರೆ. ನಡುವೆ ತಂದರೆ ಎದುರಾಳಿ ಕೋಚ್ ಪ್ರತಿ ವಾರ ಒಬ್ಬನನ್ನು ಅವರ ಬೆನ್ನಿಗೆ ಅಂಟಿಸುತ್ತಾರೆ. ಅಂಗಿ ಹಿಡಿದು ಎಳೆಯುವುದು, ತಳ್ಳುವುದು. ಇನ್ನೂ ಚಿಕ್ಕ ವಯಸ್ಸು, ಇಪ್ಪತ್ತಮೂರು. ಪತ್ರಿಕೆಗಳಲ್ಲಿ ಬಂದ ಪ್ರಕಾರ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್. ಆ ಹೊರೆ ಬೇರೆ ತಲೆ ಮೇಲೆ. ಅದಕ್ಕೇ ಫ್ಲಾಂಡರ್ಸ್ ಬೇಕಾಗಿದ್ದು. ಅವರು ಒಳಗೆ ಚೆಂಡು ಹೆಕ್ಕಲಿ, ನಸಾಯಾ ಹೊರಗಿನಿಂದ ಓಡಲಿ.

ಕ್ಲೇಟನ್ ಅಕ್ಕ
ದುಡ್ಡಿನ ಮಾತು ಬಂತಲ್ಲ, ನನ್ನ ಚಿಂತೆ ಹೇಳಿಬಿಡುತ್ತೇನೆ.

ಸಂಬಳಕ್ಕೆ ಲೀಗ್ ಮಿತಿ ಹಾಕಿದೆ. ಒಂದೇ ಮಡಕೆ, ಅದರಲ್ಲೇ ಎಲ್ಲರಿಗೂ ಬಡಿಸಬೇಕು. ಇಬ್ಬರಿಗೆ ತಟ್ಟೆ ತುಂಬ ಹಾಕಿದರೆ ಉಳಿದವರಿಗೆ ಕಡಿಮೆ ಆಗುತ್ತದೆ. ನಮ್ಮ ಮನೆ ಮಕ್ಕಳು ಅಂದರೆ ಮಿಚ್ ಓವೆನ್ಸ್, ಮಟೇಯಸ್ ಫಿಲಿಪೂ, ಡಾರ್ಸಿ ವಿಲ್ಸನ್, 2024ರ ಡ್ರಾಫ್ಟ್‌ನಲ್ಲಿ ಬಂದ ಟೋಬಿ ಟ್ರವಾಲಿಯಾ ಮತ್ತು ಆಲಿಕ್ಸ್ ಟೌರು. ಈ ಐದು ಜನ ಒಟ್ಟಿಗೆ ಬೆಳೆದರೆ ಹತ್ತು ವರ್ಷ ನಮಗೆ ಚಿಂತೆ ಇಲ್ಲ. ಟೌರು ಹಾರುವುದನ್ನು ನೋಡಿದ್ದೀರಲ್ಲ? ಕೆಳಗೆ ಬಿದ್ದರೆ ಏನಾಗುತ್ತದೆ ಅನ್ನುವ ಯೋಚನೆಯೇ ಇಲ್ಲ ಆ ಹುಡುಗನಿಗೆ. ಇವರ ಒಪ್ಪಂದ ಮುಗಿಯುವ ಹೊತ್ತಿಗೆ ಮಡಕೆಯಲ್ಲಿ ಏನಾದರೂ ಉಳಿದಿರುತ್ತಾ? ಜಾಶ್ ಬ್ಯಾಟಲ್ ಹಾಥಾರ್ನ್‌ಗೆ ಹೋದಾಗ ಪಟ್ಟ ಸಂಕಟ ಸಾಕಾಗಿದೆ ನನಗೆ.

ಮೂರಬಿನ್ ಪಕ್ಕದ ಬೀದಿ
ಅಕ್ಕ, ನಿಮ್ಮ ಚಿಂತೆ ಅರ್ಥ ಆಗುತ್ತದೆ. ಆದರೆ ಬರೀ ಡ್ರಾಫ್ಟ್ ನಂಬಿ ಕೂರುವ ಕಾಲ ಹೋಯಿತು. ನಮ್ಮ ಅಧ್ಯಕ್ಷ ಆಂಡ್ರ್ಯೂ ಬ್ಯಾಸಾಟ್ 2024ರಲ್ಲೇ ಇದನ್ನು ಬಹಿರಂಗವಾಗಿ ಹೇಳಿದರು. ಹಳೇ ಆಟಗಾರರ ಮಕ್ಕಳನ್ನು ಅದೇ ಕ್ಲಬ್ ತೆಗೆದುಕೊಳ್ಳಬಹುದು ಅನ್ನುವ ನಿಯಮ ಇದೆ. ಉತ್ತರದ ಕ್ಲಬ್‌ಗಳಿಗೆ ತಮ್ಮದೇ ಅಕಾಡೆಮಿ ಹುಡುಗರ ಮೇಲೆ ಹಕ್ಕಿದೆ. ಬ್ರಿಸ್ಬೇನ್ 2024, 2025 ಎರಡೂ ವರ್ಷ ಕಪ್ ಗೆದ್ದಿತು. ಎರಡೂ ಗ್ರಾಂಡ್ ಫೈನಲ್‌ನಲ್ಲಿ ಶ್ರೇಷ್ಠ ಆಟಗಾರ ವಿಲ್ ಆಶ್‌ಕ್ರಾಫ್ಟ್. ಅವರ ಅಪ್ಪ ಅಲ್ಲಿ ಆಡಿದ್ದಕ್ಕೆ ಮಗ ಆ ಕ್ಲಬ್‌ಗೆ ಸಿಕ್ಕಿದ್ದು. ನಮಗೆ ಅಂಥ ಭಾಗ್ಯ ಬಹಳ ಕಾಲದಿಂದ ಬಂದಿಲ್ಲ. ಹಾಗಾದರೆ ನಾವೇನು ಮಾಡಬೇಕು? ಹಣ ಇದ್ದಾಗ ಹೊರಗಿನಿಂದ ತರಬೇಕು. ಬೇರೆ ದಾರಿ ಕಾಣುತ್ತಿಲ್ಲ.

ಹತ್ತೊಂಬತ್ತನೇ ಆಟಗಾರ
ತರಲಿ, ಬೇಡ ಅನ್ನಲಿಲ್ಲ. ಡಿ ಕೋನಿಂಗ್ ಬೇಕಿತ್ತಾ ಅನ್ನುವುದು ನನ್ನ ಪ್ರಶ್ನೆ. ರಕ್, ಅಂದರೆ ಅಂಪೈರ್ ಮೇಲೆ ಹಾಕಿದ ಚೆಂಡಿಗೆ ಹಾರುವವರ ಜಾಗಕ್ಕೆ ನಮ್ಮಲ್ಲಿ ಮಾರ್ಷಲ್ ಇದ್ದರು. ಅವರು ಜೀಲಾಂಗ್‌ಗೆ ಹೋಗಬೇಕು ಅಂದರು, ಕ್ಲಬ್ ಬಿಡಲಿಲ್ಲ. ಈಗ ಒಂದೇ ಕೆಲಸಕ್ಕೆ ಇಬ್ಬರು, ಅದರಲ್ಲಿ ಒಬ್ಬರಿಗೆ ಇರಲು ಮನಸ್ಸಿರಲಿಲ್ಲ.

ಡಾಕ್‌ಲ್ಯಾಂಡ್ಸ್ ಮೂರನೇ ಮಹಡಿ
ಇಲ್ಲಿ ನಾನು ಪೂರ್ತಿ ಕ್ಲಬ್ ಪರ. ಕಾರಣ ಹೊಸ ನಿಯಮಗಳು.

ಈ ವರ್ಷದಿಂದ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ಪುಟಿಸುವುದಿಲ್ಲ, ಕೈಯಿಂದ ನೇರ ಮೇಲೆ ಎಸೆಯುತ್ತಾರೆ. ಹಳೇ ಕಾಲದಿಂದ ಬಂದ ಆ ಬೌನ್ಸ್ ಹೋಗಿದ್ದು ನನಗೆ ಬೇಜಾರೇ. ಅದಿರಲಿ. ಇನ್ನೊಂದು ಬದಲಾವಣೆ ನೋಡಿ. ನಡುವಿನ ವೃತ್ತದಲ್ಲಿ ರಕ್ ಆಟಗಾರರು ಗೆರೆ ದಾಟಿ ಮೊದಲೇ ಒಬ್ಬರಿಗೊಬ್ಬರು ಮೈ ಕೊಟ್ಟು ಕುಸ್ತಿ ಹಿಡಿಯುವಂತಿಲ್ಲ. ಓಡಿ ಬಂದು ಹಾರಬೇಕು. ಹಾರುವ ರಕ್‌ಗೆ ಇದು ಹಬ್ಬ. ಡಿ ಕೋನಿಂಗ್ ಎರಡು ಮೀಟರ್‌ಗಿಂತ ಎತ್ತರ, ಹಾರುವುದೇ ಅವರ ಶಕ್ತಿ. ಮೈದಾನದ ಬೇರೆ ಕಡೆ, ಗೆರೆ ಪಕ್ಕದ ನೂಕುನುಗ್ಗಲಿನಲ್ಲಿ ಮಾರ್ಷಲ್ ಗಟ್ಟಿ. ಜೊತೆಗೆ ಈ ವರ್ಷದಿಂದ ಸಬ್ (ಒಬ್ಬ ಬದಲಿ ಆಟಗಾರ) ಪದ್ಧತಿ ಇಲ್ಲ, ಬೆಂಚ್ ಮೇಲೆ ಐದು ಜನ. ಇಬ್ಬರು ದೊಡ್ಡ ಆಟಗಾರರನ್ನು ಇಟ್ಟುಕೊಂಡರೂ ಓಡುವವರಿಗೆ ಜಾಗ ಉಳಿಯುತ್ತದೆ. ಒಬ್ಬರು ನಡುವೆ ಇದ್ದಾಗ ಇನ್ನೊಬ್ಬರು ಮುಂದೆ ಗೋಲ್ ಹತ್ತಿರ ನಿಲ್ಲಲಿ. ಮ್ಯಾಕ್ಸ್ ಕಿಂಗ್ ಬಂದರೆ ಮೂರು ಎತ್ತರದ ಗುರಿ ಆಗುತ್ತದೆ.

ಕೆಂಪು ಬಿಳಿ ಕಪ್ಪು
"ಮ್ಯಾಕ್ಸ್ ಕಿಂಗ್ ಬಂದರೆ." ಇದನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇವೆ? 2025ರಲ್ಲಿ ಮೊಣಕಾಲಿನಿಂದ ಒಂದೂ ಪಂದ್ಯ ಆಡಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ನೋವಿದೆ. 12ನೇ ನಂಬರ್ ಅಂಗಿ ಅದು, ನಿಕ್ ರೀವೋಲ್ಟ್ ತೊಟ್ಟಿದ್ದು. ಪೂರ್ತಿ ಒಂದು ಸೀಸನ್ ನೋವಿಲ್ಲದೆ ಆಡಿದರೆ ಐವತ್ತು ಗೋಲ್ ಹೊಡೆಯುವ ಶಕ್ತಿ ಇದೆ. ಆದರೆ ಅದನ್ನು ನಂಬಿ ಲೆಕ್ಕ ಹಾಕಬಾರದು. ನನ್ನ ಲೆಕ್ಕದಲ್ಲಿ ಕಿಂಗ್ ಸೊನ್ನೆ. ಬಂದರೆ ದೇವರು ಕೊಟ್ಟಿದ್ದು.

ಲಿಯಾಮ್ ರಯನ್ ಮೇಲೆ ನನಗೆ ಭರವಸೆ ಇದೆ. ವಯಸ್ಸು 29 ಆಯಿತು ನಿಜ. ಆದರೆ 2018ರ ಗ್ರಾಂಡ್ ಫೈನಲ್ ಕೊನೆಯಲ್ಲಿ ಡಾಮ್ ಶೀಡ್ ಗೆಲುವಿನ ಗೋಲ್ ಹೊಡೆದರಲ್ಲ, ಅವರಿಗೆ ಚೆಂಡು ಕೊಟ್ಟಿದ್ದು ಇದೇ ರಯನ್. ಮರುವರ್ಷ ಮಾರ್ಕ್ ಆಫ್ ದ ಇಯರ್ (ಚೆಂಡು ಹಿಡಿದದ್ದರಲ್ಲಿ ವರ್ಷದ ಅತ್ಯುತ್ತಮ) ಕೂಡ ಅವರದೇ. ದೊಡ್ಡ ದಿನದಲ್ಲಿ ಕೈ ನಡುಗದವರು ನಮಗೆ ಬೇಕು. ನಮ್ಮಲ್ಲಿ ಅದೇ ಕಡಿಮೆ.

ಹೊಸಬ ಹುಬ್ಬಳ್ಳಿ
ಕೋಚ್ ಬಗ್ಗೆ ಯಾರೂ ಮಾತಾಡಲಿಲ್ಲ. ಆಫೀಸಿನ ಗೆಳೆಯ ಹೇಳಿದ, ರಾಸ್ ಲಯನ್ ಇರುವ ತನಕ ಕಪ್ ಇಲ್ಲ ಅಂತ. ನಿಜವೇ?

ಹತ್ತೊಂಬತ್ತನೇ ಆಟಗಾರ
ನಿಮ್ಮ ಗೆಳೆಯ ಯಾವ ತಂಡದವನು ಅಂತ ಕೇಳಿ ನೋಡಿ.

ಲಯನ್ 2009ರಲ್ಲಿ ನಮ್ಮನ್ನು ಮೊದಲ 19 ಪಂದ್ಯ ಸತತ ಗೆಲ್ಲಿಸಿದ ಕೋಚ್. ಗ್ರಾಂಡ್ ಫೈನಲ್‌ನಲ್ಲಿ ಜೀಲಾಂಗ್ ಮೇಲೆ 12 ಪಾಯಿಂಟ್‌ನಿಂದ ಸೋತೆವು. 2010ರಲ್ಲಿ ಮತ್ತೆ ಬಂದೆವು. ಕಾಲಿಂಗ್‌ವುಡ್ ಜೊತೆ 68–68, ಡ್ರಾ. ಆಗ ಡ್ರಾ ಆದರೆ ಮುಂದಿನ ವಾರ ಮತ್ತೆ ಆಡಬೇಕಿತ್ತು. ಅದರಲ್ಲಿ 56 ಪಾಯಿಂಟ್‌ನಿಂದ ಸೋತೆವು. 2013ರಲ್ಲಿ ಅವರು ಫ್ರೀಮ್ಯಾಂಟಲ್ ಕೋಚ್ ಆಗಿ ಗ್ರಾಂಡ್ ಫೈನಲ್‌ಗೆ ಹೋಗಿ ಅಲ್ಲೂ ಸೋಲು. ನಾಲ್ಕು ಗ್ರಾಂಡ್ ಫೈನಲ್ ಪಂದ್ಯ, ಒಂದೂ ಗೆಲುವಿಲ್ಲ. ಸತ್ಯ ಇಷ್ಟೇ. ಆದರೆ ಅಲ್ಲಿಗೆ ತಲುಪಿಸಲು ಬರುವವರು ಎಷ್ಟು ಜನ ಇದ್ದಾರೆ?

ನನಗೆ ಇಷ್ಟ ಆಗದ್ದು ಒಂದೇ. ಗೆಲ್ಲುತ್ತಿರುವಾಗ ಬಿಗಿ ಹಿಡಿಯುವ ಅಭ್ಯಾಸ. ಮೆಲ್ಬರ್ನ್ ಮೇಲಿನ ಆ ಕೊನೇ ಕ್ವಾರ್ಟರ್‌ನಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ, ಹುಡುಗರು ಬಿಟ್ಟ ಬಾಣದ ಹಾಗೆ ಓಡಿದರು. ಹಾಗೆ ಮೊದಲ ಕ್ವಾರ್ಟರ್‌ನಿಂದಲೇ ಓಡಲು ಬಿಡಬೇಕು. ಬಿಟ್ಟರೆ ಆರರೊಳಗೆ. ಬಿಡದಿದ್ದರೆ ನಾನೂ ಹತ್ತು ಅನ್ನುತ್ತೇನೆ.

ಮೂರಬಿನ್ ಪಕ್ಕದ ಬೀದಿ
2010ರ ಆ ಚೆಂಡು. ಲೆನ್ನಿ ಹೇಯ್ಸ್ ಉದ್ದಕ್ಕೆ ಒದ್ದರು, ಸ್ಟೀಫನ್ ಮಿಲ್ನ್ ಗೋಲಿನ ಮುಂದೆ ಓಡುತ್ತಿದ್ದರು. ಚೆಂಡು ಅವರ ಕೈಗೆ ಪುಟಿಯಬೇಕಿತ್ತು, ಪಕ್ಕಕ್ಕೆ ಪುಟಿಯಿತು. ಬಿಹೈಂಡ್. ಮೊಟ್ಟೆಯಾಕಾರದ ಚೆಂಡು, ಯಾವ ಕಡೆ ಹೋಗುತ್ತದೆ ಯಾರಿಗೆ ಗೊತ್ತು.

ನಮ್ಮ ಪಕ್ಕದ ಮನೆಯ ಅಜ್ಜನಿಗೆ ಈಗ 69. 1966ರಲ್ಲಿ ಒಂಬತ್ತು ವರ್ಷ. ಅಡುಗೆಮನೆಯಲ್ಲಿ ರೇಡಿಯೋ ಮುಂದೆ ಕೂತು ಕೇಳಿದ್ದಂತೆ. ಅವರ ತಾಯಿ ಹೆಣೆದ ಸ್ಕಾರ್ಫ್ ಇನ್ನೂ ಇದೆ. ಕೆಂಪು ಹಾಗೇ ಇದೆ, ಬಿಳಿ ಹಳದಿಯಾಗಿದೆ, ಕಪ್ಪು ಬೂದಿ ಬಣ್ಣಕ್ಕೆ ತಿರುಗಿದೆ. ಒಂದು ತುದಿಯಲ್ಲಿ ಎಳೆ ಬಿಚ್ಚಿದ ಕಡೆ ಅವರ ಹೆಂಡತಿ ಬೇರೆ ಉಲ್ಲನ್‌ನಿಂದ ಹೊಲಿದಿದ್ದಾರೆ. ಹೆಂಡತಿ ಈಗಿಲ್ಲ. ಪ್ರತಿ ವರ್ಷ ಮಾರ್ಚ್‌ನಲ್ಲಿ ಅದನ್ನು ಹೊರತೆಗೆದು ಬೇಲಿ ಮೇಲೆ ಬಿಸಿಲಿಗೆ ಹಾಕುತ್ತಾರೆ. ಈ ಸಲ ಫೆಬ್ರವರಿಯಲ್ಲೇ ಹಾಕಿದ್ದಾರೆ. ಅದನ್ನು ನೋಡಿಯೇ ನಾನು ಏಳನೇ ಸ್ಥಾನ ಅಂತ ಬರೆದಿದ್ದು.

ಕ್ಲೇಟನ್ ಅಕ್ಕ
ಓದಿ ಕಣ್ಣು ಒದ್ದೆಯಾಯಿತು.

ನಾವು ಆರ್‌ಸಿಬಿಗೆ ಹದಿನೆಂಟು ವರ್ಷ ಕಾದವರು. "ಈ ಸಲ ಕಪ್ ನಮ್ದೇ" ಅಂತ ಪ್ರತಿ ವರ್ಷ ಕೂಗಿದವರು. 2025ರಲ್ಲಿ ಕೊನೆಗೂ ಬಂದಾಗ ನನ್ನ ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ ಮಾತಾಡದೆ ಬರೀ ಅತ್ತ. ಅರವತ್ತು ವರ್ಷ ಕಾದವರಿಗೆ ಹೇಗಿರಬಹುದು ಅಂತ ನನಗೆ ಊಹೆ ಮಾಡಲೂ ಆಗುತ್ತಿಲ್ಲ. ನನ್ನ ಲೆಕ್ಕ ಎಂಟು. ವೈಲ್ಡ್‌ಕಾರ್ಡ್ ಪಂದ್ಯ ಗೆಲ್ಲುತ್ತೇವೆ, ಅದರ ಮುಂದಿನದು ಸೋಲುತ್ತೇವೆ. 2020ರ ನಂತರ ಫೈನಲ್ಸ್‌ನಲ್ಲಿ ನಾವು ಒಂದೂ ಪಂದ್ಯ ಗೆದ್ದಿಲ್ಲ. ಒಂದು ಗೆದ್ದರೂ ಈ ಮಕ್ಕಳಿಗೆ ರುಚಿ ಹತ್ತುತ್ತದೆ. ಕಪ್ ಮಾತು ಟ್ರವಾಲಿಯಾ, ಟೌರು ಐವತ್ತು ಪಂದ್ಯ ಆಡಿದ ಮೇಲೆ ಆಡೋಣ.

ಡಾಕ್‌ಲ್ಯಾಂಡ್ಸ್ ಮೂರನೇ ಮಹಡಿ
ನಾನು ಆರು ಅನ್ನುತ್ತೇನೆ. ನಸಾಯಾ ನಡುವೆ ಆಡಿದರೆ. ಹಿಂದೆಯೇ ಇಟ್ಟರೆ ಹನ್ನೊಂದು.

ಕೆಂಪು ಬಿಳಿ ಕಪ್ಪು
ಅಜ್ಜನ ಸ್ಕಾರ್ಫ್ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನನ್ನದು ಒಂಬತ್ತೇ. ತಪ್ಪಾದರೆ ನನಗಿಂತ ಸಂತೋಷ ಪಡುವವರು ಯಾರೂ ಇರಲ್ಲ.

ಆಸ್‌ಕಿಕ್ ಅಪ್ಪ
ಮಗನನ್ನು ಕೇಳಿದೆ. "ಒಂದು" ಅಂದ. ಹಾಗೇ ಬರೆದುಕೊಳ್ಳಿ.

ಕಾಲಿಂಗ್‌ವುಡ್ ಪಂದ್ಯಕ್ಕೆ ಇಬ್ಬರಿಗೂ ಟಿಕೆಟ್ ತೆಗೆದಿದ್ದೇನೆ. ಮತ್ಯಾರು ಬರುತ್ತಿದ್ದೀರಿ?

ಹೊಸಬ ಹುಬ್ಬಳ್ಳಿ
ನಾನು ಬರುತ್ತೇನೆ ರೀ. ಎಂಸಿಜಿಯನ್ನು ಟಿವಿಯಲ್ಲಿ ಕ್ರಿಕೆಟ್‌ಗೆ ನೋಡಿದ್ದು ಬಿಟ್ಟರೆ ಒಳಗೆ ಹೋಗಿಲ್ಲ. ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು?

ಮೂರಬಿನ್ ಪಕ್ಕದ ಬೀದಿ
ನಿಮ್ಮ ಕಡೆಯಿಂದ ಬಂದರೆ ರಿಚ್ಮಂಡ್ ಸ್ಟೇಷನ್ ಹತ್ತಿರ. ಇಳಿದು ಜನರ ಹಿಂದೆ ನಡೆದರೆ ಸಾಕು, ಐದಾರು ನಿಮಿಷ. ಅಜ್ಜನನ್ನು ನಾನು ಕಾರಿನಲ್ಲಿ ಕರೆತರುತ್ತೇನೆ, ಅವರಿಗೆ ಮೆಟ್ಟಿಲು ಕಷ್ಟ. ಪಂದ್ಯಕ್ಕೆ ಒಂದು ಗಂಟೆ ಮೊದಲು ಸ್ಟೇಷನ್ ಹೊರಗೆ ಸೇರೋಣ. ಅಕ್ಕ, ನೀವೂ ಬನ್ನಿ.

ಕ್ಲೇಟನ್ ಅಕ್ಕ
ಬರುತ್ತೇನೆ. ಚಿತ್ರಾನ್ನ ನಾನು ತರುತ್ತೇನೆ, ನಾಲ್ಕು ಕ್ವಾರ್ಟರ್‌ಗೂ ಆಗುವಷ್ಟು. ಅಜ್ಜನಿಗೆ ಖಾರ ಆಗುತ್ತಾ ಕೇಳಿ ಹೇಳಿ.